ಹೂ ಅರಳಿದ ದಿನ ತಳ ಹಿಡಿದ ಕೇಕು

ಅಥವಾ ಮೊದಲು ಬಂದದ್ದು ಮಾತೇ ಇರಬಹುದು, ವಾಸನೆ ಬಂದದ್ದು ಆಮೇಲೆ. ಇಷ್ಟು ದಿನ ನಾನು ಇದನ್ನು ಬೇರೆ ಥರ ನೆನಪಿಟ್ಟುಕೊಂಡಿದ್ದೆ: ಸುಟ್ಟ ವಾಸನೆ ಮೂಗಿಗೆ ಬಡಿಯಿತು, ಅಂಗಳದಿಂದ ಓಡಿ ಬಂದೆ, ಅಷ್ಟರಲ್ಲಿ ಅತ್ತೆ "ತಳ ಹಿಡೀತು ಕಣೆ, ತೆಗಿ" ಅಂದರು. ಹಾಗಿರಲು ಸಾಧ್ಯವಿಲ್ಲ. ಆ ದಿನ ಅಂಗಳದಲ್ಲಿ ಕಾಫಿ ಹೂವಿನ ವಾಸನೆ ಬಿಟ್ಟರೆ ಇನ್ನೊಂದು ವಾಸನೆಗೆ ಜಾಗವೇ ಇರಲಿಲ್ಲ. ಅತ್ತೆಗೋ, ಹಿಂದಿನ ಮಳೆಗಾಲದಿಂದ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಹಾಗಾದರೆ ಕೇಕು ಸುಡುತ್ತಿದೆ ಎಂದು ಮೊದಲು ಗೊತ್ತಾದದ್ದು ಯಾರಿಗೆ, ಮತ್ತು ಹೇಗೆ?

ಈ ಪ್ರಶ್ನೆ ಮತ್ತೆ ಎದ್ದದ್ದು ನಿನ್ನೆ. ಕಡೂರಿನ ಆಚೆ, ತೆಂಗಿನ ತೋಟಗಳ ನಡುವಿನ ಒಂದು ವಸತಿ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್. ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಒಂದು ಸಣ್ಣ ಕರೆಂಟ್ ಓವನ್ ಇಟ್ಟುಕೊಂಡಿದ್ದೇನೆ. ವರ್ಷಕ್ಕೊಮ್ಮೆ, ಪ್ರದೀಪನ ಹುಟ್ಟಿದ ದಿನ, ಅದರಲ್ಲಿ ಕೇಕು ಮಾಡುತ್ತೇನೆ. ಪ್ರದೀಪ ನನ್ನ ಗಂಡ. ಜ್ವರದ ವರ್ಷ ಹೋದ. ಓವನ್ನಿನ ತಿರುಗಣೆ ತಿರುಗಿಸಿ ಬಿಟ್ಟರೆ ಹೊತ್ತಾದಾಗ ಅದೇ ಟಿಣ್ ಅನ್ನುತ್ತದೆ, ಮೂಗಿಗೆ ಕೆಲಸವಿಲ್ಲ. ನಿನ್ನೆ ಅದು ಟಿಣ್ ಅಂದಾಗ ನಾನು ಮನೆಯ ಹಿಂದೆ ಬಟ್ಟೆ ಹರವುತ್ತಿದ್ದೆ. ಒಳಗೆ ಬಂದು ತೆಗೆದೆ. ಎಲ್ಲ ಕಡೆ ಒಂದೇ ಬಣ್ಣ. ಒಂದು ತುಂಡು ತಟ್ಟೆಗೆ ಹಾಕಿಕೊಂಡು ಕೂತೆ. ಉಳಿದದ್ದನ್ನು ಕೊಡಲು ಜನ ಇದ್ದಾರೆ, ಹಾಸ್ಟೆಲಿನ ಹುಡುಗಿಯರು ಬಾಗಿಲಲ್ಲೇ ಸುಳಿದಾಡುತ್ತಿದ್ದರು. ಆದರೆ ತಿನ್ನಲು ಜನ ಇರುವುದು ಬೇರೆ, ಯಾರಿಗಾಗಿ ಮಾಡಿದೆವೋ ಅವರು ಇರುವುದು ಬೇರೆ. ಯಾಕೋ ತುಂಡನ್ನು ಮಗುಚಿ ತಳ ನೋಡಿದೆ. ಕಪ್ಪಾಗಿರಲಿಲ್ಲ. ಕಪ್ಪಾಗಿದ್ದರೆ ಚೆನ್ನಾಗಿತ್ತು ಅನಿಸಿತು.

ಹಾಗಾಗಿ ಆ ಒಂದು ಕಾಫಿ ಕೊಯ್ಲಿನ ಕಾಲವನ್ನು, ಕೊಯ್ಲಿನಿಂದ ಹೂವಿನವರೆಗಿನ ತಿಂಗಳುಗಳನ್ನು, ಬರೆದು ನೋಡುತ್ತಿದ್ದೇನೆ. ನೆನಪು ನನ್ನ ಮಟ್ಟಿಗೆ ಅಷ್ಟೇನೂ ನಂಬಿಕೆಯ ಸಾಕ್ಷಿಯಲ್ಲ. ಅದು ತನಗೆ ಬೇಕಾದ ಕಡೆ ಉಪ್ಪು ಹಾಕಿಕೊಳ್ಳುತ್ತದೆ.

ಗಂಡನ ಮನೆ ಗೋಣಿಬೀಡಿನಿಂದ ಮೇಲಕ್ಕೆ, ಬಸ್ಸು ಬಿಡುವಲ್ಲಿಂದ ಒಂದಷ್ಟು ನಡೆಯಬೇಕು. ಪ್ರದೀಪ ಕಟ್ಟಿಸಿದ ಆರ್‌ಸಿಸಿ ಮನೆ, ಒಳಗೆ ಗ್ಯಾಸಿನ ಅಡುಗೆಮನೆ, ಹಿಂದೆ ಶೀಟಿನ ಮಾಡಿನ ಕೆಳಗೆ ಸೌದೆ ಒಲೆ. ಸುತ್ತ ನಮ್ಮದೇ ಚೂರು ರೊಬಸ್ಟಾ ತೋಟ. ಒಳಗಿನ ಅಡುಗೆಮನೆ ನನ್ನದು, ಹಿಂದಿನ ಒಲೆ ಅತ್ತೆಯದು ಎಂದು ಯಾರೂ ಹೇಳದೆಯೇ ಹಂಚಿಕೆಯಾಗಿತ್ತು. ಚಾ ನನ್ನದು, ಊಟ ಅವರದು.

ಅತ್ತೆ, ಅಂದರೆ ಕಮಲಮ್ಮ, ಅಡುಗೆಯ ರುಚಿ ನೋಡುತ್ತಿರಲಿಲ್ಲ. ಬಡಿಸುವ ಮೊದಲು ನಾಲಿಗೆಗೆ ತಾಗಿಸಿದರೆ ಅದು ಎಂಜಲು. ಎಷ್ಟೋ ಮನೆಗಳಲ್ಲಿ ಹಬ್ಬದ ದಿನ, ಎಡೆ ಇಡುವ ದಿನ ಮಾತ್ರ ಪಾಲಿಸುವ ನಿಯಮ. ಅವರಿಗೆ ಎಲ್ಲ ದಿನವೂ ಅದೇ. ಉಪ್ಪು, ಹುಳಿ, ಖಾರ ಎಲ್ಲವೂ ಆವಿಯಲ್ಲೇ ತೀರ್ಮಾನವಾಗಬೇಕು. ಮುಚ್ಚಳ ಅರ್ಧ ಸರಿಸಿ, ಮುಖ ಹತ್ತಿರ ತಂದು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು, "ಇನ್ನೊಂದು ಚಿಟಿಕೆ" ಎಂದು ತಮಗೇ ಹೇಳಿಕೊಳ್ಳುತ್ತಿದ್ದರು. ನಾನು ತರೀಕೆರೆಯವಳು, ಸೌಟಿನಿಂದ ಅಂಗೈಗೆ ಸುರಿದು ನೆಕ್ಕಿ ಕಲಿತವಳು. ಮದುವೆಯಾದ ಹೊಸತರಲ್ಲಿ ಒಮ್ಮೆ ಅವರ ಮುಂದೆಯೇ ಹಾಗೆ ಮಾಡಿದೆ. ಅವರು ಪಾತ್ರೆ ಎತ್ತಿಕೊಂಡು ಹೋಗಿ ಸಾರನ್ನೆಲ್ಲ ನಾಯಿಯ ತಟ್ಟೆಗೆ ಸುರಿದು, ಬೇರೆ ಸಾರಿಗೆ ಬೇಳೆ ಇಟ್ಟರು. "ನಿನ್ನ ದೆಸೆಯಿಂದ ನಾಯಿಗೆ ಇವತ್ತು ಹಬ್ಬ" ಅಂದಿದ್ದ ಪ್ರದೀಪ. ಆ ಮೇಲೆ ನಾನು ಅವರ ಒಲೆಯ ಹತ್ತಿರ ಸೌಟು ಮುಟ್ಟಲಿಲ್ಲ.

ಜ್ವರದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಮೂವರೂ ಮಲಗಿದೆವು. ನಾನು ಎದ್ದೆ. ಅತ್ತೆ ಎದ್ದರು. ಪ್ರದೀಪನನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದವರು ತಿರುಗಿ ಕರೆದುಕೊಂಡು ಬರಲಿಲ್ಲ. ಅದನ್ನು ಬರೆಯುವುದಿಲ್ಲ, ಬರೆದರೆ ಎಲ್ಲರ ಮನೆಯ ಕಥೆಯ ಹಾಗೆ ಕೇಳುತ್ತದೆ, ಅದು ಎಲ್ಲರ ಮನೆಯ ಕಥೆಯೇ.

ಆ ಮಳೆಗಾಲವಿಡೀ ನಾವಿಬ್ಬರು ಏನು ಉಂಡೆವೋ ನನಗೆ ನೆನಪಿಲ್ಲ. ಸಾರಿಗೆ ಉಪ್ಪಿತ್ತೋ ಇಲ್ಲವೋ ನಾನು ಗಮನಿಸಿದವಳೇ ಅಲ್ಲ. ಅದಕ್ಕೇ ಅತ್ತೆಯ ಮೂಗು ಸತ್ತಿದ್ದು ನನಗೆ ಕೊಯ್ಲು ಶುರುವಾಗುವವರೆಗೂ ಗೊತ್ತಾಗಲಿಲ್ಲ, ಅವರೂ ಹೇಳಲಿಲ್ಲ.

ಹೊರಬಿದ್ದದ್ದು ಜಾನಕಕ್ಕನಿಂದ. ಕೆಳಗಿನ ತಿರುವಿನಲ್ಲಿ ಮನೆ, ಅತ್ತೆಯ ಓರಗೆಯವಳು; ಕೊಯ್ಲಿಗೆ ನಮ್ಮ ತೋಟಕ್ಕೆ ಬರುತ್ತಿದ್ದಳು, ಅವಳ ತೋಟಕ್ಕೆ ನಾವು ಹೋಗುತ್ತಿದ್ದೆವು. ಮೊದಲ ದಿನದ ಮಧ್ಯಾಹ್ನ, ಅಂಗಳದಲ್ಲಿ ಕೂತು, ಕಡುಬು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಅಗಿಯುವುದು ನಿಲ್ಲಿಸಿದಳು. ಚೊಂಬು ಎತ್ತಿ ನೀರು ಕುಡಿದಳು. ಇನ್ನೊಂದು ತುತ್ತು, ಮತ್ತೆ ನೀರು.

"ಅಲ್ಲ ಕಮಲಕ್ಕ, ಬೆಳಗ್ಗೆ ಎದ್ದು ಚಾರ್ಮಾಡಿ ಇಳಿದು ಹೋಗಿದ್ಯ?"

"ಎಂತಕ್ಕೆ?"

"ಸಮುದ್ರದ ನೀರು ತರೋಕೆ."

ಜೊತೆಗಿದ್ದವರು ನಕ್ಕರು. ಅತ್ತೆ ನಗಲಿಲ್ಲ. ಅವರು ನನ್ನ ಮುಖ ನೋಡಿದರು, ನಾನು ನನ್ನ ತಟ್ಟೆ ನೋಡಿದೆ. ಆಗಲೇ ಅರ್ಧ ಉಂಡು ಮುಗಿಸಿದ್ದೆ, ಏನೂ ಅನಿಸಿರಲಿಲ್ಲ. ಜಾನಕಕ್ಕ ಸುಮ್ಮನಿರುವವಳಲ್ಲ. ಎದ್ದು ಹೋಗಿ ಕೆಂಡದ ಮೇಲೆ ಒಂದು ಒಣಮೀನು ಎಸೆದು, ಅದು ಚುರುಗುಟ್ಟುವಾಗ ಇಕ್ಕಳದಲ್ಲಿ ಎತ್ತಿ ಅತ್ತೆಯ ಮೂಗಿನ ಕೆಳಗೆ ಹಿಡಿದಳು.

"ಇದೂ ಬರಲ್ವಾ?"

"ಇಲ್ಲ."

"ಪುಣ್ಯವಂತೆ ಮಾರಾಯ್ತಿ ನೀನು. ನನ್ನ ಗಂಡನ ಹತ್ರ ಒಂದು ರಾತ್ರಿ ಕಳಿಸ್ತೀನಿ ಇರು, ಅವನ ಕಂಬಳಿ ವಾಸನೆಗೆ ನಿನ್ನಂಥೋರೇ ಸರಿ."

ಅತ್ತೆಗೆ ಆಗ ನಗು ಬಂತು. ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಗೆಗೆ ಎಂದುಕೊಳ್ಳಬಹುದಿತ್ತು.

ನಾನು ಪಾಠ ಹೇಳುವವಳು, ನನಗೆ ಇದು ಸರಳ ಲೆಕ್ಕವಾಗಿ ಕಂಡಿತು. ಸಂಜೆ ಅವರು ಒಲೆ ಮುಂದೆ ಕೂತಿದ್ದಾಗ ಹೇಳಿದೆ: "ಅತ್ತೆ, ಉಪ್ಪು ತಿಳಿಯೋದು ನಾಲಿಗೇಲಿ. ನಿಮ್ಮ ನಾಲಿಗೆಗೆ ಏನೂ ಆಗಿಲ್ಲ. ಒಂದು ಹನಿ ಅಂಗೈಗೆ ಹಾಕ್ಕೊಂಡು ನೋಡಿ, ಮುಗೀತು."

ಅವರು ಸೌದೆ ಒಳಕ್ಕೆ ತಳ್ಳಿದರು. "ಮೊದಲ ತುತ್ತು ಯಾರಿಗಿಡ್ತೀನಿ, ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ದಿನಾ ಮಧ್ಯಾಹ್ನ ಒಂದು ಸಣ್ಣ ಸ್ಟೀಲಿನ ತಟ್ಟೆಯಲ್ಲಿ ಮಾಡಿದ್ದನ್ನೆಲ್ಲ ಚೂರು ಚೂರು ಹಾಕಿ, ಪ್ರದೀಪನ ಫೋಟೋದ ಮುಂದೆ ಇಟ್ಟು ಬರುತ್ತಿದ್ದರು. ಆಮೇಲೆ ನಾನು, ಆಮೇಲೆ ಅವರು.

"ಬದುಕಿದ್ದಾಗ ಅವನಿಗೆ ಎಂಜಲು ಇಕ್ಕಿಲ್ಲ. ಈಗ ಇಕ್ಕಲಾ?"

ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು.

ಹಾಗಾಗಿ ನಾನು ಅವರ ಮೂಗಾದೆ. ಬೆಳಗ್ಗೆ ಕೊಯ್ಲಿಗೆ ಹೋಗುವ ಮೊದಲು ಹಿಂದಿನ ಒಲೆಯ ಹತ್ತಿರ ಹಾಜರಿ. ಅವರು ಮುಚ್ಚಳ ಸರಿಸುತ್ತಿದ್ದರು, ನಾನು ಬಗ್ಗುತ್ತಿದ್ದೆ.

"ಹೇಳು."

"ಏನು ಹೇಳಲಿ ಅತ್ತೆ, ಸಾರಿನ ವಾಸನೆ ಬರ್ತಿದೆ."

"ಸಾರಿನ ವಾಸನೆ ಬರದೆ ಬಸ್ಸಿನ ವಾಸನೆ ಬರುತ್ತಾ? ಉಪ್ಪು ಹೇಳು."

"ಉಪ್ಪಿಗೆ ಎಲ್ಲಿಯ ವಾಸನೆ?"

"ಉಪ್ಪಿಗಿಲ್ಲ. ಉಪ್ಪು ಬಿದ್ದ ಸಾರಿಗಿದೆ. ಬೀಳದೆ ಇದ್ರೆ ಆವಿ ಅಗಲವಾಗಿರುತ್ತೆ, ಬಿದ್ರೆ ಕೂಡ್ಕೊಳ್ಳುತ್ತೆ."

ಇದು ನಿಜವೋ ಅಲ್ಲವೋ ನನಗೆ ಈಗಲೂ ಹೇಳಲಾಗದು. ಆದರೆ ಕೆಲವು ವಾರ ಕಳೆದ ಮೇಲೆ ನನಗೂ ಏನೋ ತಿಳಿಯತೊಡಗಿತು. ಅವರೆಕಾಳು ಬೆಂದ ಘಳಿಗೆ, ಕಾಳುಮೆಣಸು ಹುರಿದು ಸಾಕಾದ ಘಳಿಗೆ, ಕಡುಬಿನ ಹಬೆಯಲ್ಲಿ ಹಸಿ ಅಕ್ಕಿಯ ವಾಸನೆ ಹೋಗಿ ಬೆಂದ ಅಕ್ಕಿಯ ವಾಸನೆ ಬರುವ ಘಳಿಗೆ. ಅವರ ಕೈ, ನನ್ನ ಮೂಗು. ನಾನು "ಈಗ" ಅಂದರೆ ಅವರು ಇಳಿಸುತ್ತಿದ್ದರು. ತಪ್ಪಿದರೆ "ನೆಗಡಿ ಆಗಿದ್ಯಾ ನಿಂಗೆ" ಅನ್ನುತ್ತಿದ್ದರು. ಕಣದಲ್ಲಿ ಹರವಿದ ಕಾಫಿ ಹಣ್ಣಿನ ಹುಳಿ ವಾಸನೆ ಆಗಾಗ ಗಾಳಿಯಲ್ಲಿ ಬಂದು ನನ್ನ ಲೆಕ್ಕ ಕೆಡಿಸುತ್ತಿತ್ತು. ಆ ತಿಂಗಳುಗಳಲ್ಲಿ ಆ ಶೀಟಿನ ಕೆಳಗೆ ನಾವು ಸಂತೋಷವಾಗಿದ್ದ ಹೊತ್ತುಗಳಿದ್ದವು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಕ್ಕಿ ರೊಟ್ಟಿಯನ್ನು ಕೆಂಡದ ಮೇಲೆ ಉಬ್ಬಿಸಿ, ಬೆಣ್ಣೆ ಸವರಿ, ನನ್ನ ತಟ್ಟೆಗೆ ಹಾಕಿ, "ಬಿಸಿ ಇರುವಾಗಲೇ ತಿನ್ನು, ಅವನ ಹಾಗೆ ಫೋನ್ ನೋಡ್ಕೊಂಡು ಕೂತ್ಕೋಬೇಡ" ಅನ್ನುವರು. ಅವನ ಹೆಸರು ಬರುವುದು ಹೀಗೆ, ಬೈಗುಳದ ನಡುವೆ ಮಾತ್ರ.

ಮೂಡಿಗೆರೆಯ ಡಾಕ್ಟರು ಒಂದು ಅಭ್ಯಾಸ ಹೇಳಿಕೊಟ್ಟಿದ್ದರು. ಲವಂಗ, ಕರ್ಪೂರ, ನಿಂಬೆಸಿಪ್ಪೆ, ಕಾಫಿಪುಡಿ. ಬೆಳಗ್ಗೆ ಸಂಜೆ ಕಣ್ಣು ಮುಚ್ಚಿ ಮೂಸಬೇಕು, ನೆನಪು ಮಾಡಿಕೊಳ್ಳಬೇಕು, ಮೂಗು ಮೆಲ್ಲಗೆ ಕಲಿಯುತ್ತದೆ ಎಂದು. ನಾನು ಶೀಶೆಗಳನ್ನು ಒಂದೊಂದಾಗಿ ಹಿಡಿಯುತ್ತಿದ್ದೆ. ಅತ್ತೆ "ಲವಂಗ", "ಕಾಫಿ" ಅನ್ನುತ್ತಿದ್ದರು. ಸರಿಯಾಗಿರುತ್ತಿತ್ತು. ನನಗೆ ಖುಷಿಯಾಗಿ ಜಾನಕಕ್ಕನಿಗೆ ಹೇಳಿಯೂ ಬಿಟ್ಟಿದ್ದೆ. ಒಂದು ದಿನ ಸುಮ್ಮನೆ ಪರೀಕ್ಷೆಗೆಂದು ಖಾಲಿ ಶೀಶೆ ಹಿಡಿದೆ.

"ಲವಂಗ" ಅಂದರು.

ಆಮೇಲೆ ಕಣ್ಣು ತೆರೆದು ನೋಡಿ, ಸ್ವಲ್ಪ ನಾಚಿಕೊಂಡು, "ಲವಂಗ ಆದ್ರೆ ಅಲುಗಾಡಿಸಿದಾಗ ಸದ್ದಾಗುತ್ತೆ. ಇವತ್ತು ಸದ್ದಾಗ್ಲಿಲ್ಲ, ನಂಗೆ ತಿಳೀಬಾರ್ದು ಅಂತ ಹತ್ತಿ ಇಟ್ಟಿರ್ತೀಯ ಅಂದ್ಕೊಂಡೆ" ಅಂದರು. ಕಾಫಿಪುಡಿಯ ಶೀಶೆ ಬೆಚ್ಚಗಿರುತ್ತದೆ, ಅದು ಒಲೆಯ ಪಕ್ಕದ ಗೂಡಿನಲ್ಲಿರುವುದು. ನಿಂಬೆಸಿಪ್ಪೆಯದು ತಣ್ಣಗೆ. ಕರ್ಪೂರದ್ದಕ್ಕೆ ಮಾತ್ರ ಮುಚ್ಚಳ ಬಿಗಿ, ತೆಗೆಯುವಾಗ ನಾನು ಉಸಿರು ಕಟ್ಟುತ್ತೇನಂತೆ.

ಈ ಸಂಗತಿಯನ್ನು ನೆನಪಿಡಬೇಕು. ಮೂಗಿಲ್ಲದೆಯೂ ಮೂಗಿದ್ದವರ ಹಾಗೆ ಉತ್ತರ ಹೇಳುವುದು ಅವರಿಗೆ ಬರುತ್ತಿತ್ತು.

ಕೊಯ್ಲು ಮುಗಿಯುತ್ತ ಬಂದಾಗ, ಸಂಕ್ರಾಂತಿ ಕಳೆದಿರಬೇಕು, ಅವರು ಪ್ರದೀಪನ ಸ್ವೆಟರ್ ತಂದು ನನ್ನ ತೊಡೆಯ ಮೇಲೆ ಇಟ್ಟರು. ಬೆಳಗಿನ ಚಳಿಗೆ ತೋಟಕ್ಕೆ ಹೋಗುವಾಗ ಹಾಕಿಕೊಳ್ಳುತ್ತಿದ್ದ ಕಂದು ಸ್ವೆಟರ್. ಬಾಗಿಲ ಹಿಂದಿನ ಮೊಳೆಯಲ್ಲಿ ಹಾಗೇ ಇತ್ತು, ನಾವಿಬ್ಬರೂ ಒಗೆಯಲು ಹಾಕಿರಲಿಲ್ಲ.

"ಅವನ ವಾಸನೆ ಇನ್ನೂ ಇದ್ಯಾ ನೋಡು" ಅಂದರು, ಸಾರಿನ ಉಪ್ಪು ಕೇಳುವ ದನಿಯಲ್ಲೇ.

ನಾನು ಮುಖಕ್ಕೆ ಹಿಡಿದೆ. ಒಲೆಯ ಹೊಗೆ ಇತ್ತು. ಗೋಡೆಯ ಸುಣ್ಣ, ಹಳೆಯ ಉಣ್ಣೆ. ಕೊರಳಿನ ಹತ್ತಿರ ಏನೋ ಇತ್ತು. ಇತ್ತೇ? ಅವನು ಇದ್ದಾಗ ಅವನ ವಾಸನೆ ಯಾವುದು ಎಂದು ನಾನು ಯಾವತ್ತೂ ಬೇರೆಯಾಗಿ ಗುರುತಿಸಿದವಳಲ್ಲ. ಅದು ಮನೆಯ ವಾಸನೆಯೊಳಗೇ ಸೇರಿತ್ತು. "ಇದೆ ಅತ್ತೆ" ಅಂದೆ. ಹೇಳುವಾಗ ನಂಬಿಯೇ ಹೇಳಿದೆ ಎಂದು ಈಗ ಅನಿಸುತ್ತದೆ. ಮುಂದಿನ ವರ್ಷ ಬೇರೆ ಥರ ಅನಿಸಬಹುದು. ಅವರು ಸ್ವೆಟರನ್ನು ತೆಗೆದುಕೊಂಡು, ತಾವೂ ಮುಖಕ್ಕೆ ಒತ್ತಿಕೊಂಡು ಉಸಿರೆಳೆದು, ತಿರುಗಿ ಅದೇ ಮೊಳೆಗೆ ಹಾಕಿದರು.

ಶಾಲೆಯ ವಿಷಯ ಬಂದದ್ದು ಆ ಹೊತ್ತಿಗೆ. ಮದುವೆಗೆ ಮುಂಚೆ ಜೊತೆಗೆ ಕೆಲಸ ಮಾಡಿದ್ದ ಒಬ್ಬರು ಈ ವಸತಿ ಶಾಲೆಗೆ ಹೆಡ್‌ಮಿಸ್ ಆಗಿದ್ದರು. ಅಲ್ಲೇ ಇರಬೇಕು, ಕ್ವಾರ್ಟರ್ಸ್ ಕೊಡುತ್ತಾರೆ, ಬಾ ಅಂದರು. ನನಗೆ ಹೋಗಬೇಕು ಅನಿಸಿತು. ತೋಟದ ಪ್ರತಿ ತಿರುವಿನಲ್ಲೂ ಅವನು ಬಾಗಿ ಏನೋ ಮಾಡುತ್ತಿರುವ ಹಾಗೆ ಕಾಣುವ ಜಾಗದಲ್ಲಿ ಇರುವುದು ನನ್ನಿಂದ ಆಗುತ್ತಿರಲಿಲ್ಲ. ಅತ್ತೆಯನ್ನು ಕರೆದೆ. "ಅಲ್ಲಿ ಬಂದು ನಾನೇನು ಮಾಡ್ಲಿ? ತೆಂಗಿನ ಮರ ಎಣಿಸ್ಲಾ?" ಅಂದರು. ಅವರು ಬರುವುದಿಲ್ಲ ಎಂಬುದು ಅಷ್ಟರಲ್ಲೇ ಇತ್ಯರ್ಥವಾಯಿತು. ನಾನು ಹೋಗುವುದೋ ಬೇಡವೋ ಎಂಬುದು ಮಾತ್ರ ಉಳಿಯಿತು.

ಬೇಡ ಎಂದುಕೊಂಡಿದ್ದೆ. ಕಾರಣ ಉಪ್ಪಲ್ಲ. ಒಂದು ಬೆಳಗ್ಗೆ ನಾನು ತೋಟದಲ್ಲಿದ್ದಾಗ ಅತ್ತೆ ತಾವೇ ಚಾ ಕಾಯಿಸಲು ಒಳಗಿನ ಗ್ಯಾಸ್ ತಿರುಗಿಸಿ, ಕಡ್ಡಿಪೆಟ್ಟಿಗೆ ಹುಡುಕುತ್ತ ಹಿಂದಿನ ಒಲೆಗೆ ಹೋಗಿ, ಅಲ್ಲಿ ಕೆಂಡ ಕಂಡು ಅಲ್ಲೇ ಚಾ ಇಟ್ಟುಕೊಂಡು ಕೂತಿದ್ದರು. ನಾನು ಒಳಗೆ ಬಂದರೆ ಮನೆಯೆಲ್ಲ ಗ್ಯಾಸ್ ವಾಸನೆ. ಕಿಟಕಿಗಳನ್ನೆಲ್ಲ ತೆರೆದೆ. ಅವರು ಹೊಸಿಲ ಮೇಲೆ ನಿಂತು ನೋಡುತ್ತಿದ್ದರು. ಅವರಿಗೆ ಅದು ಬರೀ ಗಾಳಿ. ಈ ಹೆಂಗಸನ್ನು ಇಲ್ಲಿ ಒಬ್ಬರನ್ನೇ ಬಿಟ್ಟು ಹೇಗೆ ಹೋಗುವುದು? ಹೆಡ್‌ಮಿಸ್ ಫೋನು ಮಾಡಿದಾಗಲೆಲ್ಲ ಇನ್ನೊಂದು ವಾರ ಅನ್ನುತ್ತಿದ್ದೆ. ಅತ್ತೆ ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವರ ಹಾಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

ಆಮೇಲೆ ಹೂಮಳೆ. ಕಾಫಿಗಿಡ ಮೊಗ್ಗು ಹಿಡಿದುಕೊಂಡು ಬೇಸಿಗೆಯಲ್ಲಿ ಒಂದು ಮಳೆಗಾಗಿ ಕಾಯುತ್ತದೆ. ಮೇಲಿನ ದೊಡ್ಡ ಎಸ್ಟೇಟಿನವರು ಸ್ಪ್ರಿಂಕ್ಲರ್ ತಿರುಗಿಸಿ ಹೂ ಅರಳಿಸಿಕೊಂಡಾಗಿತ್ತು. ನಮ್ಮದು ಆಕಾಶ ನೋಡುವ ತೋಟ. ಒಂದು ಸಂಜೆ ಗುಡುಗಿ ಚೆನ್ನಾಗಿ ಸುರಿಯಿತು. ಜಾನಕಕ್ಕ ತಲೆಯ ಮೇಲೆ ಗೋಣಿ ಹಾಕಿಕೊಂಡು ಬಂದು, "ಬಿತ್ತಲ್ಲ ಕಮಲಕ್ಕ, ಇನ್ನು ವಾರದೊಳಗೆ ಹೂವು" ಅಂದಳು. ಅತ್ತೆ ಕೈಬೆರಳಲ್ಲಿ ಏನೋ ಲೆಕ್ಕ ಹಾಕಿ, "ಅವನ ಹುಟ್ಟಿದ ದಿನಕ್ಕೇ ಬರುತ್ತೆ" ಅಂದರು.

ಹಾಗೇ ಬಂತು ಎಂದು ಬರೆಯಲು ನನಗೆ ಸಂಕೋಚ. ಹೂವು ಹಿಂದಿನ ದಿನವೇ ಅರಳಿ, ಆ ದಿನ ವಾಸನೆ ಮಾತ್ರ ತುಂಬಿರಬಹುದು. ನನ್ನ ನೆನಪಿನಲ್ಲಿ ಮಾತ್ರ ಬೆಳಗ್ಗೆ ಬಾಗಿಲು ತೆರೆದರೆ ಗುಡ್ಡವೆಲ್ಲ ಬಿಳಿ, ಕೊಂಬೆಯುದ್ದಕ್ಕೂ ಹೂವು, ಜೇನುಹುಳಗಳ ಒಂದೇ ಸಮನೆ ಸದ್ದು. ವಾಸನೆ ಮೊದಲು ಮಲ್ಲಿಗೆಯ ಹಾಗೆ ಅನಿಸಿ, ಸ್ವಲ್ಪ ಹೊತ್ತಿಗೆ ಮಲ್ಲಿಗೆಯ ಹಾಗೆ ಅಲ್ಲ ಅನಿಸಿ, ಆಮೇಲೆ ಉಸಿರಾಟವೇ ಅದಾಗಿಬಿಡುತ್ತದೆ. ಅತ್ತೆ ಹೊಸಿಲಲ್ಲಿ ನಿಂತು ನೋಡಿದರು. "ಚೆನ್ನಾಗಿ ಕೂತಿದೆ" ಅಂದರು. ಫಸಲಿನ ಮಾತು ಅದು, ವಾಸನೆಯದ್ದಲ್ಲ.

ಅವನ ಹುಟ್ಟಿದ ದಿನ ಕೇಕು ಆ ಮನೆಯ ರೂಢಿ. ಅತ್ತೆಯ ಅಮ್ಮ ಅತ್ತಿಗುಂಡಿ ಕಡೆಯ ಒಂದು ಎಸ್ಟೇಟ್ ಬಂಗಲೆಯಲ್ಲಿ ಅಡುಗೆಗಿದ್ದರಂತೆ. ಅತ್ತೆ ಚಿಕ್ಕವರಿದ್ದಾಗ ಅಲ್ಲಿ ಕಲಿತದ್ದು. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಹೊಳೆಯ ಮರಳು, ಮರಳಿನ ಮೇಲೆ ಹಿಟ್ಟು ತುಂಬಿದ ಟಿನ್ನು, ಮೇಲೆ ಅಗಲದ ಮುಚ್ಚಳ, ಮುಚ್ಚಳದ ಮೇಲೆ ಕೆಂಡ. ಕೆಳಗೂ ಕೆಂಡ, ಮೇಲೂ ಕೆಂಡ. ನಡುವೆ ತೆಗೆದು ನೋಡುವ ಹಾಗಿಲ್ಲ: ಬೂದಿ ಬೀಳುತ್ತದೆ, ಉಬ್ಬಿದ್ದು ಕೂತುಬಿಡುತ್ತದೆ. ಮುಚ್ಚಳದ ಅಂಚಿನಿಂದ ಬರುವ ವಾಸನೆಯೊಂದೇ ದಾರಿ. ಮೊದಲು ಮೊಟ್ಟೆಯದು, ಆಮೇಲೆ ಬೆಣ್ಣೆಯದು, ಆಮೇಲೆ ಸಕ್ಕರೆಯದು. ಕೊನೆಗೆ ಕೇಕು ಟಿನ್ನಿನ ಅಂಚು ಬಿಡುವಾಗ ರವೆ ಹುರಿದಂಥ ಒಂದು ವಾಸನೆ, ಅದು ಬಂದ ತಕ್ಷಣ ಇಳಿಸಬೇಕು.

"ಈ ಸಲ ಗ್ಯಾಸಲ್ಲಿ, ಕುಕ್ಕರಲ್ಲಿ ಮಾಡೋಣ ಅತ್ತೆ. ಹೊತ್ತು ನೋಡ್ಕೊಂಡು ಇಳಿಸ್ಬಹುದು."

"ಕುಕ್ಕರಲ್ಲಿ ಮಾಡಿದ್ದು ಅವನು ತಿಂತಾನಾ?"

ನಾನು ಬೆಣ್ಣೆ ಸಕ್ಕರೆ ಕಡೆದೆ. ಅವರು ಏಲಕ್ಕಿ ಕುಟ್ಟಿ ಹಾಕಿದರು, ಕಿತ್ತಳೆ ಸಿಪ್ಪೆ ತುರಿದರು. ಕೆಂಡ ಸರಿಮಾಡಿ, ಟಿನ್ನು ಇಟ್ಟು, ಮುಚ್ಚಿ, ಒಲೆಯ ಎದುರು ಮಣೆ ಹಾಕಿಕೊಂಡು ಕೂತರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಇನ್ನು ನಿನ್ನದು" ಅಂದರು.

ಮೊಟ್ಟೆಯ ವಾಸನೆ ಬಂತು. ಬೆಣ್ಣೆಯದೂ ಬಂತು, ಬಂದ ಹಾಗಾಯಿತು. ಹೂವಿನ ವಾಸನೆ ಅಲೆ ಅಲೆಯಾಗಿ ಶೀಟಿನ ಕೆಳಗೆ ನುಗ್ಗಿ ಎಲ್ಲವನ್ನೂ ಮುಚ್ಚಿ ಹಾಕುತ್ತಿತ್ತು. ನಾನು ಮುಚ್ಚಳದ ಹತ್ತಿರ ಬಗ್ಗಿದೆ. ಹೂವು. ಸೆರಗಿನಿಂದ ಗಾಳಿ ತಡೆದು ಬಗ್ಗಿದೆ. ಮತ್ತೆ ಹೂವು. ಬೇರೆ ಯಾವ ದಿನವಾದರೂ ನಾನು ಆ ಕೇಕನ್ನು ಸರಿಯಾಗಿ ಇಳಿಸುತ್ತಿದ್ದೆ. ತೋಟ ಹೂಬಿಟ್ಟ ದಿನ ಬಯಲಲ್ಲಿ ಕೂತು ಕೆಂಡದ ಕೇಕು ಮಾಡಬಾರದು ಎಂದು ಮೂಗಿದ್ದ ನನಗೆ ಹೊಳೆಯಲಿಲ್ಲ. ಅವರಿಗೆ ಹೊಳೆಯಲು ಮೂಗಿರಲಿಲ್ಲ.

ಆಗ ಜಾನಕಕ್ಕ ಬಂದಳು, ಕೇಕು ಆಯಿತಾ ಎಂದು. ಆಗಲೇ ಫೋನೂ ಬಂತು. ನಮ್ಮ ಮನೆಯಲ್ಲಿ ಮಾತು ಕೇಳಿಸುವಷ್ಟು ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ, ಹಲಸಿನ ಮರದ ಬುಡದಲ್ಲಿ ಮಾತ್ರ. ಒಂದು ನಿಮಿಷ ಎಂದು ಎದ್ದು ಹೋದೆ. ಹೆಡ್‌ಮಿಸ್: "ಸುಮಾ, ಇವತ್ತು ಹೇಳಿಬಿಡಿ. ಬರ್ತೀರಾ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕು." ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ.

"ಸುಮಾ, ತಳ ಹಿಡೀತು ಕಣೆ, ತೆಗಿ."

ಅತ್ತೆಯ ದನಿ. ನಾನು ಫೋನು ಹಿಡಿದುಕೊಂಡೇ ಓಡಿದೆ. ಅವರು ಎದ್ದು ನಿಂತಿದ್ದರು. ಜಾನಕಕ್ಕ ಇಕ್ಕಳ ಕೊಟ್ಟಳು, ಕೆಂಡದ ಮುಚ್ಚಳ ಎತ್ತಿದೆ. ಕೇಕು ಚೆನ್ನಾಗಿ ಉಬ್ಬಿತ್ತು. ಟಿನ್ನು ಬೋರಲು ಹಾಕಿದಾಗ ತಳವೆಲ್ಲ ಕಪ್ಪು, ಒಂದು ಬೆರಳಿನಷ್ಟು ದಪ್ಪ.

"ನಿಮಗೆ ಹೇಗೆ ಗೊತ್ತಾಯ್ತು?"

"ಬಂತು."

"ಏನು ಬಂತು?"

"ವಾಸನೆ. ಸುಟ್ಟಿದ್ದು ಮೊದ್ಲು ಬಂತು, ಅದರ ಹಿಂದೇನೇ ಹೂವಿಂದೂ ಬಂತು. ಎಲ್ಲಾ ಒಟ್ಟಿಗೇ ಬಂತು." ಅವರು ತೋಟದ ಕಡೆ ತಿರುಗಿ ಜೋರಾಗಿ ಉಸಿರೆಳೆದರು. ಆಮೇಲೆ ನನ್ನ ಕೈಯ ಫೋನು ನೋಡಿ, "ಅವರು ಕಾಯ್ತಿದ್ದಾರೇನೋ. ಬರ್ತೀನಿ ಅನ್ನು" ಅಂದರು.

ಹಲಸಿನ ಬುಡಕ್ಕೆ ತಿರುಗಿ ಹೋದಾಗಲೂ ಫೋನು ಕಟ್ಟಾಗಿರಲಿಲ್ಲ. ನಾನು ಬರುತ್ತೇನೆ ಎಂದೆ.

ತಳದ ಕಪ್ಪನ್ನು ಚಾಕುವಿನಿಂದ ಕೆರೆದೆವು. ಮೇಲಿನ ಚೆನ್ನಾದ ತುಂಡು ಪ್ರದೀಪನ ತಟ್ಟೆಗೆ, ಆಮೇಲೆ ನನಗೆ, ಜಾನಕಕ್ಕನಿಗೆ. 'ಮೇಲೆ ಮದುವೆ ಮನೆ, ಕೆಳಗೆ ಸ್ಮಶಾನ' ಅಂದಳು ಜಾನಕಕ್ಕ, ಅಂದು ನಾಲಿಗೆ ಕಚ್ಚಿಕೊಂಡಳು. ಅತ್ತೆ ಕೆರೆದ ಕಪ್ಪು ಚೂರುಗಳನ್ನು ತಮ್ಮ ತಟ್ಟೆಗೆ ಹಾಕಿಕೊಂಡು ಕಾಫಿಯ ಜೊತೆ ತಿಂದರು. ಕಾಫಿ ಜೊತೆ ಕಹಿ ಹೊಂದುತ್ತೆ ಅಂದರು.

ಜೂನಿಗೆ ನಾನು ಇಲ್ಲಿಗೆ ಬಂದೆ. ಬರುವ ಮೊದಲು ಒಳಗಿನ ಗ್ಯಾಸ್ ತೆಗೆಸಿ ಕೊಟ್ಟುಬಿಡು ಎಂದು ಅತ್ತೆಯೇ ಹೇಳಿದರು. ಒಬ್ಬಳಿಗೆ ಅದೆಲ್ಲ ಯಾಕೆ, ಸೌದೆ ಒಲೆ ಸಾಕು ಎಂದು. ಆಗ ಅದು ನನಗೆ ಮಿತವ್ಯಯದ ಮಾತಾಗಿ ಕೇಳಿತ್ತು. ಮೂಗು ಬಂದವರಿಗೆ ಗ್ಯಾಸಿನ ಭಯ ಯಾಕೆ ಎಂದು ಕೇಳಿಕೊಂಡದ್ದು ತುಂಬ ತಡವಾಗಿ.

ರಜೆಗೆ ಹೋದಾಗಲೆಲ್ಲ ಉಂಡೆ. ಸಾರಿನ ಉಪ್ಪು ಪ್ರತಿ ಸಲವೂ ಸರಿಯಾಗಿತ್ತು. ಹೂವಿನ ಕಾಲದಲ್ಲಿ ಫೋನು ಮಾಡಿ "ಘಮ ಅಂತಿದೆ ಕಣೆ, ನೀನಿರಬೇಕಿತ್ತು" ಅನ್ನುತ್ತಿದ್ದರು. ಹೂವು ಅರಳಿದ್ದು ಕಣ್ಣಿದ್ದವರಿಗೂ ತಿಳಿಯುತ್ತದೆ. ಸ್ವೆಟರ್ ಅದೇ ಮೊಳೆಯಲ್ಲಿತ್ತು. ಅವರು ಅದರ ಮಾತು ಮತ್ತೆ ಎತ್ತಲಿಲ್ಲ. ವಾಸನೆ ಬಂದಿದ್ದರೆ ಮೂಸಿ ನೋಡಿ ನನ್ನ ಉತ್ತರ ನಿಜವೋ ಸುಳ್ಳೋ ಎಂದು ಅವರಿಗೆ ತಿಳಿದುಹೋಗಿರಬೇಕು. ನಾನೂ ಎತ್ತಲಿಲ್ಲ. ವಾಸನೆ ಇದೆ ಎಂದು ನಾನು ಅವರಿಗೆ ಹೇಳಿದ್ದನ್ನೇ ಅವರು ನನಗೆ ತಿರುಗಿ ಹೇಳಿದರು ಎಂದು ಬರೆದರೆ ಬರಹ ಚೆನ್ನಾಗಿ ಮುಗಿಯುತ್ತದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಹೋದ ಮಳೆಗಾಲದ ಕೊನೆಯಲ್ಲಿ ಅತ್ತೆ ತೀರಿಕೊಂಡರು. ಬೆಳಗ್ಗೆ ತೋಟಕ್ಕೆ ಹೋದವರು ಅಲ್ಲೇ ಕುಸಿದರಂತೆ. ಎಲ್ಲ ಮುಗಿದ ಮೇಲೆ ಜಾನಕಕ್ಕನನ್ನು ಕೇಳಿದೆ, ಆ ದಿನ ಕೇಕಿನ ಪಾತ್ರೆಯಿಂದ ಹೊಗೆ ಎದ್ದಿತ್ತಾ, ಅತ್ತೆ ಅದನ್ನು ಕಂಡರಾ ಎಂದು.

"ಎದ್ದಿತ್ತು ಅನ್ಸುತ್ತೆ ಮಾರಾಯ್ತಿ. ನಾನೇ ಹೇಳಿದ್ನೇನೋ, ಕಮಲಕ್ಕ ಹೊಗೆ ಅಂತ. ಅಲ್ಲ, ಅದು ಹಲಸಿನ ಕಡುಬಿನ ದಿನ. ಕೇಕಿನ ದಿನ ನಾನು ಬರೋದ್ರೊಳಗೆ ತೆಗೆದಾಗಿತ್ತಲ್ಲ?"

ನನ್ನ ನೆನಪಿನಲ್ಲಿ ಇಕ್ಕಳ ಕೊಟ್ಟವಳು ಅವಳೇ.

ಹಿಂದಿನ ಒಲೆಯ ಹತ್ತಿರ ಸಾಮಾನು ಎತ್ತಿಡುವಾಗ ಕಾಫಿಪುಡಿಯ ಗೂಡಿನಲ್ಲಿ ಒಂದು ಸಣ್ಣ ಸ್ಟೀಲಿನ ಚಮಚ ಇತ್ತು. ನಾನಿದ್ದ ದಿನಗಳಲ್ಲಿ ಅದು ಅಲ್ಲಿರಲಿಲ್ಲ. ಅತ್ತೆಗೆ ಉಪ್ಪು, ಪುಡಿ ಎಲ್ಲವೂ ಬೆರಳಲ್ಲೇ ಆಗಬೇಕಿತ್ತು. ಚಮಚದ ಅಂಚು ಹೊಳೆಯುತ್ತಿತ್ತು, ದಿನಾ ತೊಳೆದಿಟ್ಟದ್ದರ ಹಾಗೆ. ಜಾನಕಕ್ಕ ಯಾವಾಗಲೋ ತಂದು ಮರೆತದ್ದೂ ಇರಬಹುದು. ಕೇಳಿದ್ದರೆ ಅವಳು ಹೌದು ಅನ್ನುತ್ತಿದ್ದಳು, ಆಮೇಲೆ ಅಲ್ಲ ಅನ್ನುತ್ತಿದ್ದಳು. ಕೇಳದೆ ತಂದುಕೊಂಡೆ.

ನಿನ್ನೆಯ ಕೇಕಿನ ಹಿಟ್ಟನ್ನು ಅದರಲ್ಲೇ ನಾಲಿಗೆಗೆ ಮುಟ್ಟಿಸಿ ನೋಡಿದೆ. ನಾನು ಮೊದಲಿನಿಂದಲೂ ರುಚಿ ನೋಡಿ ಮಾಡುವವಳು.

ಅತ್ತೆಗೆ ಆ ದಿನ ವಾಸನೆ ನಿಜವಾಗಿ ತಿರುಗಿ ಬಂತೋ, ಅಥವಾ ನಾನು ಹೋಗಲೆಂದು ಬಂತು ಎಂದು ಹೇಳಿ, ಆಮೇಲಿನ ದಿನಗಳಲ್ಲಿ ಮಗನಿಗೆ ಇಡುವ ತುತ್ತನ್ನು ಮೊದಲು ತಮ್ಮ ನಾಲಿಗೆಗೆ ಮುಟ್ಟಿಸಿ ಇಟ್ಟರೋ, ನನಗೆ ಗೊತ್ತಿಲ್ಲ.